ಕಾಫಿ ಚೀಲಗಳ ನಡುವೆ ಮಾಡಿದ ಆಲ್ಬಮ್

ಹೋದ ಕಾಫಿ ಕೊಯ್ಲಿನ ಸಮಯದಲ್ಲಿ ಕೊಡಗಿನ ಸುಂಟಿಕೊಪ್ಪದ ಹತ್ತಿರದ ನಮ್ಮ ಮನೆಯಲ್ಲೇ ಕೂತು ಒಂದು ಆಲ್ಬಮ್ ಮಾಡಿದೆ. ಹಾಡು ಬರೆದದ್ದು, ಹಾಡಿದ್ದು, ಗಿಟಾರ್ ನುಡಿಸಿದ್ದು, ರೆಕಾರ್ಡ್ ಮಾಡಿದ್ದು ಎಲ್ಲ ನಾನೇ. ಬಿಡುಗಡೆಯಾದ ಮೇಲೆ ಕೇಳಿದವರು ಎರಡು ಪಾಲಾದರು. ಕೆಲವರಿಗೆ ತುಂಬ ಹಿಡಿಸಿತು, ಕೆಲವರಿಗೆ ಸ್ವಲ್ಪವೂ ಹಿಡಿಸಲಿಲ್ಲ. ಮನೆಯಲ್ಲೇ ಹಾಡು ಮಾಡಬೇಕೆಂದಿರುವ ಹುಡುಗರು ಹುಡುಗಿಯರು ಹೇಗೆ ಮಾಡಿದಿರಿ ಅಂತ ಕೇಳುತ್ತಲೇ ಇದ್ದಾರೆ, ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ನನ್ನ ಹಳೆಯ ಹಾಡುಗಳು ಬೆಂಗಳೂರಿನ ಸ್ಟುಡಿಯೋದಲ್ಲಿ ಆದವು. ಡ್ರಮ್ಸ್, ಕೀಬೋರ್ಡ್, ಕೋರಸ್ ಎಲ್ಲ ಇತ್ತು. ಮದುವೆ ಆರ್ಕೆಸ್ಟ್ರಾದಲ್ಲಿ, ಕಾಲೇಜ್ ಡೇಯಲ್ಲಿ ಜನ ಕುಣಿದರು, ನನಗೆ ಹೆಸರು ಬಂದದ್ದೂ ಅವುಗಳಿಂದಲೇ. ಈ ಸಲದ ಹಾಡುಗಳು ಬೇರೆ. 2018ರ ಮಳೆಗೆ ಗುಡ್ಡ ಜಾರಿದಾಗ ಮನೆ ಬಿಟ್ಟು ಬಂದವರ ಬಗ್ಗೆ ಒಂದು, ತೋಟ ಮಾರಿ ಮೈಸೂರಿಗೆ ಹೋದ ಪಕ್ಕದ ಮನೆಯವರ ಬಗ್ಗೆ ಒಂದು, ಹೀಗೆ. ಇವನ್ನು ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಗಡಿಯಾರ ನೋಡಿಕೊಂಡು ಹಾಡೋಕೆ ನನ್ನಿಂದ ಆಗುತ್ತಿರಲಿಲ್ಲ. ರಾತ್ರಿ ಊಟ ಆದ ಮೇಲೆ ಮನೆಯವರ ಹತ್ತಿರ ಮಾತಾಡುವ ದನಿಯಲ್ಲಿ ಹಾಡಬೇಕಿತ್ತು.

ಮೊದಲು ಕೋಣೆಯ ವಿಷಯ. ಮನೆಯಲ್ಲಿ ರೆಕಾರ್ಡಿಂಗ್ ಅಂದರೆ ಎಲ್ಲರೂ ಮೈಕ್ ಯಾವುದು ಅಂತ ಕೇಳುತ್ತಾರೆ, ಆದರೆ ಮೈಕ್‌ಗಿಂತ ಕೋಣೆ ಮುಖ್ಯ. ನಮ್ಮ ಹಾಲ್ ಸಿಮೆಂಟ್ ಗೋಡೆಯದು, ಚಪ್ಪಾಳೆ ಹೊಡೆದರೆ ಠಣ್ ಅಂತ ವಾಪಸ್ ಬರುತ್ತದೆ. ಹಿಂದಿನ ಹಳೆಯ ಕೋಣೆಗೆ ಮರದ ಮುಚ್ಚಿಗೆ ಇದೆ. ಅಲ್ಲಿ ಒಣಗಿದ ರೊಬಸ್ಟಾ ಚೆರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ, ಚೀಲಗಳನ್ನು ಗೋಡೆಗೆ ಒತ್ತಿ ಎದೆಮಟ್ಟಕ್ಕೆ ಪೇರಿಸಿದ್ದೆವು. ರೇಟು ಏರಲಿ ಅಂತ ಕಾಯುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದ್ದದ್ದೇ, ಅಲ್ವಾ? ಆ ಐವತ್ತು ಕೆಜಿ ಚೀಲಗಳು ದನಿಯನ್ನು ಎಷ್ಟು ಚೆನ್ನಾಗಿ ಕುಡಿಯುತ್ತವೆ ಅಂದರೆ, ಬಾಗಿಲ ಮೇಲೆ ಒಂದು ಕಂಬಳಿ ಇಳಿಬಿಟ್ಟ ಮೇಲೆ ಬೇರೆ ಏನೂ ಬೇಕಾಗಲಿಲ್ಲ. ಗೋಣಿಯೊಳಗೆ ಕಾಳು ತುಂಬಿದ ದಪ್ಪ ರಾಶಿ ಅದು. ಸ್ಟುಡಿಯೋಗಳಲ್ಲಿ ಗೋಡೆಗೆ ಅಂಟಿಸುವ ತೆಳು ಫೋಮ್ ಕೀಚಲು ಸದ್ದನ್ನು ಮಾತ್ರ ತಡೆಯುತ್ತದೆ. ಕೆಳಗಿನ ಗುಂಯ್ ಅನ್ನುವ ಸದ್ದಿಗೆ ದಪ್ಪ, ಭಾರದ ವಸ್ತುವೇ ಬೇಕು.

ಅರ್ಧ ಹಾಡುಗಳು ಮುಗಿದಿದ್ದವು, ರೇಟು ಬಂತು. ಚೀಲಗಳನ್ನು ಲಾರಿಗೆ ಹಾಕಿ ಕಳಿಸಿದೆವು. ಅದೇ ಕೋಣೆ, ಅದೇ ಮೈಕ್, ಆದರೆ ದನಿ ಬೇರೆ. ಗಾಳಿ ಜಾಸ್ತಿಯಾಯ್ತು, ಪದಗಳ ಹಿಂದೆ ಸಣ್ಣ ಪ್ರತಿಧ್ವನಿ ಬಂತು. ಹಾಸಿಗೆಗಳನ್ನು ನಿಲ್ಲಿಸಿ ಸರಿಮಾಡಬಹುದಿತ್ತು. ಬೇಡ ಅನ್ನಿಸಿತು. ಉಳಿದಿದ್ದದ್ದು ಮನೆ ಬಿಟ್ಟು ಹೋದವರ ಹಾಡುಗಳು, ಖಾಲಿ ಕೋಣೆಯ ದನಿಯಲ್ಲೇ ಹಾಡಿ, ಆ ಹಾಡುಗಳನ್ನು ಆಲ್ಬಮ್ಮಿನ ಕೊನೆಗೆ ಇಟ್ಟೆ.

ಮೈಕ್ ಬಗ್ಗೆ ಇಷ್ಟು ಸಾಕು: ಸ್ಟೇಜಿನಲ್ಲಿ ಬಳಸುವ ಶೂರ್ ಎಸ್‌ಎಂ 58. ಡೈನಮಿಕ್ ಮೈಕ್ ಆದ್ದರಿಂದ ಹತ್ತಿರದ ದನಿಯನ್ನೇ ಹಿಡಿಯುತ್ತದೆ, ತೋಟದ ಜೀರುಂಡೆಯನ್ನು ಅಷ್ಟಾಗಿ ಹಿಡಿಯುವುದಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಸ್ಟುಡಿಯೋಗಳಲ್ಲಿ ಬಳಸುವ ಸೂಕ್ಷ್ಮದ ಕಂಡೆನ್ಸರ್ ಮೈಕ್ ಚಟಪಟ ಅನ್ನೋದೂ ಉಂಟು. ಬಾಯಿಂದ ನಾಲ್ಕು ಬೆರಳು ದೂರ, ನೇರ ಅಲ್ಲ, ಬಾಯಿಯ ಮೂಲೆಗೆ ಸ್ವಲ್ಪ ಓರೆಯಾಗಿ. ಪ, ಫ, ಭ ಅಂದಾಗ ಬರುವ ಗಾಳಿ ಪಕ್ಕಕ್ಕೆ ಹೋಗುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿದೆ. ಹಳೇ ಮನೆಯ ಅರ್ತಿಂಗ್ ಸರಿಯಿಲ್ಲದಿದ್ದರೆ ಕರೆಂಟಿನ ಗುಂಯ್ ಸದ್ದು ಪ್ರತಿ ಹಾಡಿನಲ್ಲೂ ಕೂರುತ್ತದೆ. ಸಣ್ಣ ದನಿಯೂ ಸ್ವಚ್ಛವಾಗಿ ಉಳಿಯುವ 24 ಬಿಟ್‌ನಲ್ಲಿ, ಅತಿ ಜೋರಿನ ಜಾಗವೂ ಮೈನಸ್ 12 ಡಿಬಿ ದಾಟದ ಹಾಗೆ, ಅಂದರೆ ದನಿ ಒಡೆಯುವ ಮಟ್ಟಕ್ಕಿಂತ ಸಾಕಷ್ಟು ಕೆಳಗೆ, ಇಟ್ಟುಕೊಂಡೆ. ಸಾಫ್ಟ್‌ವೇರ್ ರೀಪರ್.

ಇನ್ನು ಹೊರಗಿನ ಸದ್ದು. ಆಚೆ ತೋಟದಲ್ಲಿ ಸ್ಪ್ರಿಂಕ್ಲರಿನ ಡೀಸೆಲ್ ಇಂಜಿನ್ ಓಡುತ್ತಿದ್ದರೆ ಆ ರಾತ್ರಿ ಕೆಲಸ ಇಲ್ಲ. ಆನೆ ಓಡಿಸೋಕೆ ಪಟಾಕಿ ಹೊಡೆದರೆ ಆ ಟೇಕ್ ಹೋಯಿತು. ಮಳೆಯನ್ನು ಮಾತ್ರ ನಾನು ಹತ್ತಿರ ಸೇರಿಸಲಿಲ್ಲ. ಹೆಂಚಿನ ಮೇಲೆ ಬೀಳುವ ಮಳೆ ಕೇಳೋಕೆ ಚೆಂದ, ನಿಜ. ಆದರೆ ಅದು ಸ, ಶ, ಚ ಅಕ್ಷರಗಳನ್ನು ಪೂರ್ತಿ ನುಂಗುತ್ತದೆ. ಕೊಡಗಿನ ಆಲ್ಬಮ್ ಅಂದಮೇಲೆ ಮಳೆ ಇರಲೇಬೇಕು ಅಂತ ಎಷ್ಟೋ ಜನ ಹೇಳಿದರು. ಮಾತು ಕೇಳಿಸದ ಹಾಡು ನನಗೆ ಬೇಡ.

ಒಂದು ಹಾಡಿನಲ್ಲಿ ಮಾತ್ರ ಹೊರಗಿನ ಸದ್ದು ಬಿಟ್ಟಿದ್ದೇನೆ. ಹಗಲಲ್ಲಿ ಹಾಡಿದ್ದು ಅದೊಂದೇ. ಕಣದಲ್ಲಿ ಅಮ್ಮ ಕಾಫಿ ಮಗುಚುತ್ತಿದ್ದರು, ಆ ಸರ್ ಸರ್ ಸದ್ದು ಕಿಟಕಿಯಿಂದ ಬಂದು ಹಾಡಿನ ತಾಳಕ್ಕೆ ಹತ್ತಿರ ಹತ್ತಿರ ಕೂತುಕೊಂಡಿತು. ಮೈಸೂರಿನಲ್ಲಿರುವ ನಮ್ಮ ಕಡೆಯ ಒಬ್ಬರು ಅಕ್ಕ ಅದನ್ನು ಕೇಳಿ, "ಅದು ಚೆರಿ ಅಲ್ವಾ? ಗಲಗಲ ಅಂತಿದೆ, ಚೀಲ ತುಂಬೋ ಹೊತ್ತಾಗಿತ್ತು ಅನ್ಸತ್ತೆ" ಅಂತ ಬರೆದರು. ಒಣಗಿದ ಚೆರಿಯನ್ನು ಮುಷ್ಟಿಯಲ್ಲಿ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಅನ್ನುತ್ತದೆ, ಹಸಿ ಇದ್ದರೆ ಅನ್ನುವುದಿಲ್ಲ. ಎರಡು ದಿನ ಬಿಟ್ಟು ನಾವು ಚೀಲ ತುಂಬಿದ್ದೂ ನಿಜ. ಇಷ್ಟು ಹತ್ತಿರದಿಂದ ನನ್ನ ಹಾಡನ್ನು ಯಾರೂ ಕೇಳಿರಲಿಲ್ಲ.

ಬೇಡ ಅಂದವರ ಮಾತೂ ಹೇಳಬೇಕು. "ಡೆಮೋ ತರ ಇದೆ", "ಹಳೇ ಜೋಷ್ ಎಲ್ಲಿ ಹೋಯ್ತು", "ಸೌಂಡ್ ಕಮ್ಮಿ". ಓದಿ ಬೇಜಾರಾಯ್ತು, ಆಗಲಿಲ್ಲ ಅಂತ ಹೇಳುವುದಿಲ್ಲ. ಆಗ ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿ ಅವರ ಮೊದಲ ಸೋಲೋ ಆಲ್ಬಮ್ ಮತ್ತೆ ಕೇಳಿದೆ. ಬೀಟಲ್ಸ್ ಒಡೆಯುತ್ತಿದ್ದ ಹೊತ್ತಿನಲ್ಲಿ, 1969ರ ಕೊನೆಗೆ ಲಂಡನ್ನಿನ ಮನೆಯಲ್ಲಿ ನಾಲ್ಕು ಟ್ರ್ಯಾಕಿನ ಸ್ಟೂಡರ್ ಟೇಪ್ ಮೆಷಿನ್ ಇಟ್ಟುಕೊಂಡು ಶುರುಮಾಡಿದ್ದು. ಮಿಕ್ಸರ್ ಇಲ್ಲ, ಲೆವೆಲ್ ನೋಡುವ ಮೀಟರ್ ಸಹ ಇಲ್ಲ, ಮೈಕ್ ನೇರ ಮೆಷಿನ್ನಿಗೆ. ವಾದ್ಯಗಳೆಲ್ಲ ಅವರದೇ, ಜೊತೆಗೆ ಹೆಂಡತಿ ಲಿಂಡಾ ಅವರ ದನಿ. ಮೆಷಿನ್ ಪರೀಕ್ಷೆಗೆ ಹಾಡಿದ ಚಿಕ್ಕ ಹಾಡನ್ನೇ ಮೊದಲಿಗೆ ಇಟ್ಟರು, ಅದರ ಕೊನೆಯಲ್ಲಿ ಬಾಗಿಲು ಕಿರ್ ಅನ್ನೋದೂ ಹಾಗೇ ಇದೆ. 1970ರ ಏಪ್ರಿಲ್‌ನಲ್ಲಿ ಬಂದಾಗ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು, ಆದರೆ ಅರೆಬೆಂದ ಕೆಲಸ ಅಂದ ವಿಮರ್ಶಕರು ಬಹಳ. ಬೀಟಲ್ಸ್ ಮುರಿದ ಸುದ್ದಿ ಬಂದದ್ದೂ ಅದೇ ತಿಂಗಳು. ಕೆಲವು ತಿಂಗಳ ಹಿಂದಷ್ಟೇ ಬೀಟಲ್ಸ್ ಆಲ್ಬಮ್ 'ಆ್ಯಬಿ ರೋಡ್' ಕೇಳಿದ್ದ ಜನ ಅದರ ಪಕ್ಕದಲ್ಲಿ ಇದನ್ನು ಇಟ್ಟು ನೋಡಿದರು. ಎಲ್ಲರೂ ಮೆಚ್ಚಿದ 'ಮೇಬಿ ಐಯಾಮ್ ಅಮೇಜ್ಡ್' ಹಾಡು ಮನೆಯದಲ್ಲ, ಇಎಂಐ ಸ್ಟುಡಿಯೋದಲ್ಲಿ ಆದದ್ದು. ಅವರಿಗೂ ನನಗೂ ಹೋಲಿಕೆ ಇಲ್ಲ. ಆದರೆ ಜನ ಹೊಸ ಹಾಡನ್ನು ನಮ್ಮ ಹಳೇ ಹಾಡಿನ ಅಳತೆಯಲ್ಲೇ ನೋಡುತ್ತಾರೆ ಅನ್ನೋದು ಅಲ್ಲಿ ಚೆನ್ನಾಗಿ ಕಾಣುತ್ತದೆ. ನನ್ನ ಹಾಡಿಗೆ ಕುಣಿದವರು ಇದರಲ್ಲೂ ಕುಣಿತ ಹುಡುಕಿದರೆ ಅದು ಅವರ ತಪ್ಪಲ್ಲ.

'ಸೌಂಡ್ ಕಮ್ಮಿ' ಅನ್ನುವ ದೂರಿಗೆ ಕಾರಣ ಇದೆ. ಯೂಟ್ಯೂಬ್ ಜೋರಿನ ಹಾಡುಗಳನ್ನು ಒಟ್ಟು ಜೋರನ್ನು ಅಳೆಯುವ ಲೆಕ್ಕದಲ್ಲಿ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ ಇಳಿಸುತ್ತದೆ, ಮೆಲ್ಲಗಿನದನ್ನು ಏರಿಸುವುದಿಲ್ಲ. ನನ್ನದು ಅದಕ್ಕಿಂತ ಕೆಳಗಿದೆ. ಪಿಸುಮಾತಿನಿಂದ ತುಂಬು ದನಿಗೆ ಏರುವ ಜಾಗಗಳು ಹಾಗೇ ಉಳಿಯಲಿ ಅಂತ ಅದನ್ನು ಒತ್ತಿ ಜೋರು ಮಾಡಲಿಲ್ಲ. ಫೋನಿನ ಸ್ಪೀಕರಿನಲ್ಲಿ ಸಾಲದೆ ಬಂದರೆ ಇಯರ್‌ಫೋನ್ ಹಾಕಿಕೊಳ್ಳಿ, ದಯವಿಟ್ಟು.

ನಮ್ಮ ತಂಡದ ಕೀಬೋರ್ಡ್ ಗೆಳೆಯ ಮನೆಗೇ ಬಂದ. "ಮಾರಾಯ, ಹಾಡೆಲ್ಲ ಚೆನ್ನಾಗಿದೆ, ಆದ್ರೆ ಕೆಲಸ ಇನ್ನೂ ಮುಗಿದಿಲ್ಲ. ಒಂದು ಕೊಡು, ನಾನು ಮಾಡಿ ತೋರಿಸ್ತೀನಿ" ಅಂದ. ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಕೂಡ 1982ರಲ್ಲಿ ಮನೆಯ ಕ್ಯಾಸೆಟ್ಟಿನಲ್ಲಿದ್ದ ಹಾಡುಗಳನ್ನು ಬ್ಯಾಂಡಿನ ಜೊತೆ ಮಾಡಿ ನೋಡಿ, ಕೊನೆಗೆ ಆ ಕ್ಯಾಸೆಟ್ಟಿನ ಹಾಡುಗಳನ್ನೇ 'ನೆಬ್ರಾಸ್ಕ' ಅನ್ನುವ ಆಲ್ಬಮ್ಮಾಗಿ ತಂದರು. ಅದೆಲ್ಲ ಅವನಿಗೆ ಹೇಳಿದೆ, ಹೇಳಿದ ಮೇಲೂ ತೋಟ ಮಾರಿದವರ ಹಾಡನ್ನು ಕೊಟ್ಟೆ. ಬೇಸ್, ಬ್ರಷ್‌ನಲ್ಲಿ ಮೆಲ್ಲಗಿನ ಡ್ರಮ್ಸ್ ಹಾಕಿ ತಂದ. ಚೆನ್ನಾಗಿದೆ. ಬೇರೆ ಹಾಡೇ ಆಗಿದೆ, ಆದರೂ ಚೆನ್ನಾಗಿದೆ. ಆಲ್ಬಮ್ಮಿನಲ್ಲಿ ನನ್ನದೇ ಇರುತ್ತದೆ. ಸ್ಟೇಜಿಗೆ ಅವನದು. ಮುಂದಿನ ಕಾರ್ಯಕ್ರಮಕ್ಕೆ ಅದರದ್ದೇ ಪ್ರಾಕ್ಟೀಸ್ ನಡೀತಿದೆ, ಅವನಿಗೆ ಇನ್ನೂ ಸ್ವಲ್ಪ ವೇಗ ಬೇಕಂತೆ, ನಾನು ಒಪ್ಪಿಲ್ಲ.