20 ಸಾವಿರದೊಳಗೆ ಮನೆ ಹಾಲ್‌ಗೆ ಒಳ್ಳೆಯ ಸೌಂಡ್ ಸೆಟ್ ಮಾಡಿಕೊಳ್ಳುವುದು ಹೇಗೆ

ಅಂಗಡಿಗೆ ಹೋಗಿ ಹೋಮ್ ಥಿಯೇಟರ್ ಕೇಳಿದರೆ ಮೊದಲು ಡಬ್ಬದ ಮೇಲಿನ ವ್ಯಾಟ್ ತೋರಿಸುತ್ತಾರೆ. 5,000 ವ್ಯಾಟ್, 10,000 ವ್ಯಾಟ್, ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ಪಿಎಂಪಿಒ, ಅಂದರೆ ಕ್ಷಣಮಾತ್ರದ ಗರಿಷ್ಠ ಶಕ್ತಿಯ ಲೆಕ್ಕ. ಆ ಅಂಕಿಯನ್ನು ಬಿಟ್ಟುಬಿಡಿ. ಸೆಟ್ ತಿರುಗಿಸಿ, ಹಿಂದಿನ ಲೇಬಲ್ ಓದಿ. ಅಲ್ಲಿ 230 ವೋಲ್ಟ್, 50 ಹರ್ಟ್ಸ್, 60 ವ್ಯಾಟ್ ಅಂತ ಏನಾದರೂ ಇರುತ್ತದೆ. ಗೋಡೆಯ ಪ್ಲಗ್‌ನಿಂದ 60 ವ್ಯಾಟ್ ಎಳೆಯುವ ಪೆಟ್ಟಿಗೆ ಅದಕ್ಕಿಂತ ಜಾಸ್ತಿಯನ್ನು ಎಡೆಬಿಡದೆ ಸ್ಪೀಕರ್‌ಗೆ ಕೊಡಲು ಸಾಧ್ಯವೇ ಇಲ್ಲ, ಅಲ್ವಾ?

ನಿಜವಾಗಿ ನೋಡಿದರೆ ಮನೆಗೆ ಅಷ್ಟೂ ಬೇಕಾಗುವುದಿಲ್ಲ. ಸ್ಪೀಕರ್‌ನ ವಿವರದಲ್ಲಿ 87 ಡೆಸಿಬಲ್ ಅಂತ ಬರೆದಿದ್ದರೆ, 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಅಷ್ಟು ಜೋರು ಕೇಳುತ್ತದೆ ಎಂದರ್ಥ. ನಾವು ಎದುರುಬದುರು ಕುಳಿತು ಮಾತಾಡುವುದು ಸುಮಾರು 60 ಡೆಸಿಬಲ್. ಅಂದರೆ ಒಂದೇ ಒಂದು ವ್ಯಾಟ್‌ಗೆ ಹಾಲ್ ತುಂಬುತ್ತದೆ. ವ್ಯಾಟ್ ಎರಡರಷ್ಟಾದರೆ ಏರುವುದು ಬರೀ 3 ಡೆಸಿಬಲ್. ಶಬ್ದ ಕಿವಿಗೆ ಎರಡರಷ್ಟು ಅನಿಸಬೇಕಾದರೆ ವ್ಯಾಟ್ ಸುಮಾರು ಹತ್ತರಷ್ಟಾಗಬೇಕು. ಹಾಗಾಗಿ ಚಾನಲ್‌ಗೆ, ಅಂದರೆ ಎಡ–ಬಲದ ಒಂದೊಂದು ಸ್ಪೀಕರ್‌ಗೆ, 20 ವ್ಯಾಟ್ ಶುದ್ಧವಾಗಿ ಕೊಡುವ ಆಂಪ್ (ಆಂಪ್ಲಿಫೈಯರ್) ಇದ್ದರೆ ನಮ್ಮ ಹಾಲ್‌ಗಳಿಗೆ ಧಾರಾಳವಾಯಿತು. ದುಡ್ಡು ಹೋಗಬೇಕಾದದ್ದು ಸ್ಪೀಕರ್‌ಗೆ.

ನಾನು ವೀಣೆ ಕಲಿತವಳು, ಜೊತೆಗೆ ಸೋಲ್ಡರಿಂಗ್ ಐರನ್ ಹಿಡಿಯುವ ಹುಚ್ಚೂ ಇದೆ. ಹಾಗಾಗಿ ನೆಂಟರ ಮನೆಯ ಸೌಂಡ್ ಕೆಲಸ ನನಗೇ ಬರುತ್ತದೆ. ತುಮಕೂರಿನಲ್ಲಿರುವ ಅಕ್ಕನ ಮನೆಗೆ ಹಾಕಿಕೊಟ್ಟ ಸೆಟ್ಟನ್ನೇ ಇಟ್ಟುಕೊಂಡು ಹೇಳುತ್ತೇನೆ. 12 ಅಡಿಗೆ 10 ಅಡಿ ಹಾಲ್, ಗೋಡೆಗೆ ಟಿವಿ. ಅಮ್ಮನಿಗೆ ಧಾರಾವಾಹಿಯ ಮಾತು ತಿಳಿಯುತ್ತಿರಲಿಲ್ಲ, ‘ಏನಂದ ಅವನು?’ ಅಂತ ಕೇಳುತ್ತಲೇ ಇರುತ್ತಿದ್ದರು. ಅಕ್ಕನಿಗೆ ಕಛೇರಿ ಸಂಗೀತ ಬೇಕು, ಭಾವನಿಗೆ ಸಿನಿಮಾ. ಹಂಚಿಕೆ ಹೀಗಿತ್ತು: ಸ್ಪೀಕರ್ ಜೋಡಿಗೆ 9–10 ಸಾವಿರ, ಬರೀ ತಗ್ಗು ಸ್ವರಗಳನ್ನು (ಬೇಸ್) ನುಡಿಸುವ ಸಬ್‌ವೂಫರ್‌ಗೆ 6, ಆಂಪ್ ಮತ್ತು ಅದರ ಪವರ್ ಸಪ್ಲೈಗೆ 2, ವೈರು, ಜ್ಯಾಕು, ಸ್ಟ್ಯಾಂಡು ಅಂತ 1 ಸಾವಿರ. ಉಳಿದದ್ದು ಹಾಲ್‌ಗೆ. ಹಾಲ್‌ಗೆ ಯಾಕೆ ಅಂತ ಮುಂದೆ ಬರುತ್ತದೆ. ಕಛೇರಿ, ವಾರ್ತೆ, ಧಾರಾವಾಹಿ ಅಷ್ಟೇ ಸಾಕು ಅನ್ನುವವರು ಸಬ್‌ವೂಫರ್ ತರಲೇಬೇಡಿ. ಆ 6 ಸಾವಿರವನ್ನೂ ಸ್ಪೀಕರ್‌ಗೇ ಹಾಕಿ.

ಸ್ಪೀಕರ್ ಎಂದರೆ ಇಲ್ಲಿ ಬುಕ್‌ಶೆಲ್ಫ್ ಸ್ಪೀಕರ್. ಮರದ ಪೆಟ್ಟಿಗೆ, ತಗ್ಗು ಸ್ವರಕ್ಕೆ 4 ಅಥವಾ 5 ಇಂಚಿನ ವೂಫರ್, ಮೇಲೆ ಏರು ಸ್ವರಕ್ಕೆ ಒಂದು ಪುಟ್ಟ ಟ್ವೀಟರ್. ಪ್ಲಾಸ್ಟಿಕ್ ಪೆಟ್ಟಿಗೆ ಬೇಡ, ಅದು ತಾನೇ ಅದುರಿ ಶಬ್ದ ಮಾಡುತ್ತದೆ. ಬೆರಳ ಗೆಣ್ಣಿನಿಂದ ಪೆಟ್ಟಿಗೆಯ ಪಕ್ಕಕ್ಕೆ ತಟ್ಟಿ ನೋಡಿ. ‘ಟಪ್’ ಅಂತ ಅಲ್ಲೇ ನಿಲ್ಲಬೇಕು, ‘ಡಬ್ಬ್’ ಅಂತ ಎಳೆಯಬಾರದು. ಕೇಳಿ ಆರಿಸುವ ಅವಕಾಶ ಸಿಕ್ಕರೆ ಅಂಗಡಿಯವರು ಹಾಕುವ ಡೆಮೊ ಹಾಡು ಬಿಟ್ಟು ನಿಮಗೆ ಚೆನ್ನಾಗಿ ಗೊತ್ತಿರುವುದನ್ನು ಹಾಕಿಸಿ. ನಾನು ಬರೀ ತಂಬೂರಿ ಶ್ರುತಿ ಹಾಕುತ್ತೇನೆ. ಕಡಿಮೆ ದರ್ಜೆಯ ಸ್ಪೀಕರ್‌ನಲ್ಲಿ ಅದು ಬರೀ ಝೇಂಕಾರವಾಗಿ ಬಿಡುತ್ತದೆ, ತಂತಿಗಳು ಒಂದೊಂದಾಗಿ ಕೇಳುವುದಿಲ್ಲ. ಆಮೇಲೆ ವೀಣೆ. ಮಂದ್ರದ ತಂತಿ ಮೀಟಿದ ಮೇಲೆ ಗಮಕ ಕೊನೆಯವರೆಗೂ ಕಿವಿಗೆ ಸಿಗಬೇಕು.

ಇಷ್ಟು ದುಡ್ಡಿಗೆ ಹೊಸದಕ್ಕಿಂತ ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆಯ ಮಾಲು ಸಿಗುತ್ತದೆ. ಸೌಂಡ್‌ಬಾರ್ ತಂದವರು ಹಳೆಯ ಸ್ಪೀಕರ್ ಮಾರುತ್ತಾರೆ. ನೋಡಲು ಹೋಗುವಾಗ ಒಂದು ಮಲ್ಟಿಮೀಟರ್ ಮತ್ತು 1.5 ವೋಲ್ಟ್ ಪೆನ್‌ಟಾರ್ಚ್ ಸೆಲ್ ಜೊತೆಗಿರಲಿ. ಮೊದಲು ಜಾಲರಿ ಬಿಚ್ಚಿ ವೂಫರ್‌ನ ಕೋನ್ (ಅದುರಿ ಸದ್ದು ಮಾಡುವ ಬಟ್ಟಲಿನಂಥ ಭಾಗ) ಸುತ್ತಲಿನ ಅಂಚು ನೋಡಿ. ರಬ್ಬರ್ ಆದರೆ ನಿಶ್ಚಿಂತೆ. ಫೋಮ್ ಆಗಿದ್ದರೆ ವರ್ಷಗಳಲ್ಲಿ ಅದು ಪುಡಿಯಾಗುತ್ತದೆ, ಬೆರಳು ತಾಗಿಸಿದರೆ ಗೊತ್ತಾಗುತ್ತದೆ. ನಂತರ ನಾಲ್ಕು ಬೆರಳನ್ನು ಕೋನ್‌ನ ನಾಲ್ಕು ಕಡೆ ಇಟ್ಟು ಮೆಲ್ಲಗೆ, ಸಮನಾಗಿ ಒಳಗೆ ಒತ್ತಿ. ಸದ್ದಿಲ್ಲದೆ ಹೋಗಿ ಬರಬೇಕು. ಒಳಗೆ ‘ಗರ್’ ಅಂತ ಉಜ್ಜಿದ ಸದ್ದು ಬಂದರೆ ಕೋನ್ ಹಿಂದಿನ ತಂತಿ ಸುರುಳಿ (ವಾಯ್ಸ್ ಕಾಯಿಲ್) ಸುಟ್ಟಿದೆ ಅಥವಾ ಓರೆಯಾಗಿದೆ, ಬಿಟ್ಟು ಬನ್ನಿ. ಮಲ್ಟಿಮೀಟರ್‌ನಲ್ಲಿ 8 ಓಮ್ ಸ್ಪೀಕರ್ 6ರ ಆಸುಪಾಸು ತೋರಿಸುತ್ತದೆ, ಅದು ಸರಿಯೇ. 4 ಓಮ್‌ನದು 3ರ ಮೇಲೆ ಸ್ವಲ್ಪ. ಏನೂ ತೋರಿಸದಿದ್ದರೆ ಎಲ್ಲೋ ಕಾಯಿಲ್ ಅಥವಾ ವೈರ್ ತುಂಡಾಗಿದೆ.

ಸೆಲ್ ಯಾಕೆ ಅಂದರೆ ಪ್ಲಸ್–ಮೈನಸ್ ಗುರುತಿಸಲು. ಸೆಲ್‌ನ ಪ್ಲಸ್ ಅನ್ನು ಸ್ಪೀಕರ್‌ನ ಕೆಂಪು ತುದಿಗೆ, ಮೈನಸ್ ಅನ್ನು ಕಪ್ಪಿಗೆ ಒಂದು ಕ್ಷಣ ತಾಗಿಸಿ ತೆಗೆಯಿರಿ. ‘ಟಕ್’ ಅಂದು ವೂಫರ್‌ನ ಕೋನ್ ಮುಂದಕ್ಕೆ ಬರಬೇಕು. ಎರಡೂ ಸ್ಪೀಕರ್ ಒಂದೇ ದಿಕ್ಕಿಗೆ ಚಲಿಸಿದರೆ ಸೈ. ಒಂದು ಮುಂದೆ, ಇನ್ನೊಂದು ಹಿಂದೆ ಹೋದರೆ ಎರಡರ ಬೇಸ್ ಒಂದನ್ನೊಂದು ತಿಂದುಹಾಕುತ್ತದೆ, ಹಾಡುವವರ ದನಿ ನಡುವೆ ನಿಲ್ಲುವುದಿಲ್ಲ. ಬೇಸ್ ಇಲ್ಲ ಅಂತ ಎಷ್ಟೋ ಜನ ಸಬ್‌ವೂಫರ್ ತರಲು ಓಡುತ್ತಾರೆ. ಒಂದು ಸ್ಪೀಕರ್‌ನ ವೈರ್ ಅದಲು ಬದಲು ಮಾಡಿದರೆ ಅಲ್ಲಿಗೆ ಮುಗಿಯುತ್ತಿತ್ತು.

ಆಂಪ್‌ಗೆ ಈಗ ಸುಲಭದ ದಾರಿ ಕ್ಲಾಸ್ ಡಿ ಬೋರ್ಡು, ಅಂದರೆ ಕರೆಂಟ್ ಹೆಚ್ಚು ಬಿಸಿಯಾಗಿ ಪೋಲಾಗದ ಬಗೆಯ ಆಂಪ್. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್ ಗೊತ್ತಲ್ಲ, ಅಲ್ಲಿ ಟಿಪಿಎ 3116 ಚಿಪ್‌ನ ಬೋರ್ಡ್ ಕೇಳಿ. ಆನ್‌ಲೈನ್‌ನಲ್ಲೂ ಸಿಗುತ್ತದೆ. ಇದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಚಿಪ್. 21 ವೋಲ್ಟ್‌ನಲ್ಲಿ, 4 ಓಮ್ ಸ್ಪೀಕರ್‌ಗೆ ಚಾನಲ್‌ಗೆ 50 ವ್ಯಾಟ್ ಅಂತ ಕಂಪನಿ ಹೇಳುತ್ತದೆ, ಆದರೆ ಆ ಮಟ್ಟದಲ್ಲಿ ದನಿ ಒಡೆದಿರುತ್ತದೆ. ಕೇಳುವಂತಿರುವುದು ಅದಕ್ಕಿಂತ ಕೆಳಗೆ. ಮನೆಯಲ್ಲಿ ಹಳೆಯ 19 ವೋಲ್ಟ್ ಲ್ಯಾಪ್‌ಟಾಪ್ ಅಡಾಪ್ಟರ್ ಬಿದ್ದಿದ್ದರೆ ಅದೇ ಪವರ್ ಸಪ್ಲೈ ಆಗುತ್ತದೆ. 8 ಓಮ್ ಸ್ಪೀಕರ್‌ಗೆ ಅದರಿಂದ ಚಾನಲ್‌ಗೆ 20 ವ್ಯಾಟ್ ಹತ್ತಿರ ಬರುತ್ತದೆ, ನಮಗೆ ಬೇಕಾದದ್ದು ಅಷ್ಟೇ. ‘ಇಷ್ಟು ಪುಟ್ಟ ಬೋರ್ಡ್‌ನಲ್ಲಿ ಎರಡು ಸ್ಪೀಕರ್ ಓಡುತ್ತಾ?’ ಅಂದರು ಭಾವ. ಓಡುತ್ತದೆ, ಬಿಸಿಯೂ ಅಷ್ಟಾಗಿ ಆಗುವುದಿಲ್ಲ. 24 ವೋಲ್ಟ್ ಸಪ್ಲೈ ಹಾಕುವ ಮನಸ್ಸಿದ್ದರೆ ಮೊದಲು ಬೋರ್ಡ್ ಮೇಲಿನ ದೊಡ್ಡ ಕೆಪಾಸಿಟರ್ ಓದಿ. 35 ವೋಲ್ಟ್ ಅಂತ ಇದ್ದರೆ ಹಾಕಿ. 25 ಅಂತ ಇದ್ದರೆ 19ರಲ್ಲೇ ಇರಿ. ಈ ಚಿಪ್‌ಗೆ 26 ವೋಲ್ಟ್ ಮೇಲೆ ಕೊಡುವಂತಿಲ್ಲ.

ಇನ್ನೊಂದು ವಿಷಯ ಹಳೆಯ ಆಂಪ್ ಬಳಸಿದವರಿಗೆ ಮುಖ್ಯ. ಈ ಬೋರ್ಡ್‌ನಲ್ಲಿ ಸ್ಪೀಕರ್‌ನ ಮೈನಸ್ ಕೂಡ ಜೀವ ಇರುವ ವೈರೇ. ಎಡ–ಬಲದ ಮೈನಸ್‌ಗಳನ್ನು ಒಟ್ಟಿಗೆ ಕಟ್ಟಬೇಡಿ, ಪೆಟ್ಟಿಗೆಯ ಲೋಹಕ್ಕೂ ತಾಗಿಸಬೇಡಿ. ಚಿಪ್ ಹೋಗಬಹುದು. ಲ್ಯಾಪ್‌ಟಾಪ್ ಅಡಾಪ್ಟರ್ ಬದಲು ಲೋಹದ ಜಾಲರಿಯ ಎಸ್‌ಎಂಪಿಎಸ್ (ಪೆಟ್ಟಿಗೆಯಂಥ ಪವರ್ ಸಪ್ಲೈ) ತಂದರೆ 230 ವೋಲ್ಟ್‌ನ ಸ್ಕ್ರೂಗಳು ಹೊರಗೇ ಕಾಣುತ್ತಿರುತ್ತವೆ. ಮಕ್ಕಳಿರುವ ಮನೆಯಲ್ಲಿ ಮುಚ್ಚಿದ ಪೆಟ್ಟಿಗೆ ಇಲ್ಲದೆ ಅದನ್ನು ಇಡಲೇಬೇಡಿ.

ವೈರ್ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. 5 ಮೀಟರ್ ಒಳಗೆ 1.5 ಚದರ ಮಿಲಿಮೀಟರ್ ತಾಮ್ರದ ಮನೆ ವೈರಿಂಗ್ ತಂತಿಯೇ ಸಾಕು.

ಟಿವಿಯಿಂದ ಸೌಂಡ್ ತೆಗೆಯಲು ಹೆಡ್‌ಫೋನ್ ಜ್ಯಾಕ್ ಇದ್ದರೆ ಸುಲಭ. ಇಲ್ಲದಿದ್ದರೆ ಆಪ್ಟಿಕಲ್ ಔಟ್‌ಗೆ ಒಂದು ಚಿಕ್ಕ ಕನ್ವರ್ಟರ್ ಬೇಕು. ಅದನ್ನು ಹಾಕಿದ ಮೇಲೆ ಸದ್ದೇ ಬರದಿದ್ದರೆ ಗಾಬರಿ ಬೇಡ. ಟಿವಿ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಸೌಂಡ್ ಔಟ್‌ಪುಟ್ ಅನ್ನು ಪಿಸಿಎಂಗೆ ಬದಲಿಸಿ, ಬರುತ್ತದೆ. ಟಿವಿಯ ಸ್ವಂತ ಸ್ಪೀಕರ್ ಆಫ್ ಮಾಡಿ.

ಈಗ ಹಾಲ್. ಬೋಳು ಗೋಡೆ, ಟೈಲ್ಸ್ ನೆಲ, ಗಾಜಿನ ಶೋಕೇಸ್ ಇರುವ ಹಾಲ್‌ನಲ್ಲಿ ಎಂಥ ಸ್ಪೀಕರ್ ಇಟ್ಟರೂ ಮಾತು ಕಲಸಿಹೋಗುತ್ತದೆ. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಹಿಂದೆಯೇ ‘ಟರ್ರ್’ ಅಂತ ಪ್ರತಿಧ್ವನಿ ಬಂದರೆ ಅಮ್ಮನಿಗೆ ಧಾರಾವಾಹಿ ಅರ್ಥವಾಗದಿರುವುದಕ್ಕೆ ಅದೂ ಒಂದು ಕಾರಣ. ಟಿವಿ ಮತ್ತು ಸೋಫಾ ನಡುವೆ ದಪ್ಪ ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಹಾಕಿ, ಎದುರು ಗೋಡೆಗೆ ಪುಸ್ತಕದ ಕಪಾಟು ಬರಲಿ. ಅಕ್ಕನ ಮನೆಯಲ್ಲಿ ನವಲಗುಂದದ ಜಮಖಾನ ಮಡಿಸಿ ಅಟ್ಟದ ಮೇಲಿತ್ತು. ಕೆಳಗಿಳಿಸಿ ಎರಡು ಮಡಿಕೆ ಮಾಡಿ ಹಾಸಿದೆವು. ಅಮ್ಮನ ಪ್ರಶ್ನೆ ಅರ್ಧಕ್ಕರ್ಧ ಕಡಿಮೆಯಾಯಿತು.

ಸ್ಪೀಕರ್ ಶೋಕೇಸ್ ಒಳಗೆ ಬೇಡ. ಟ್ವೀಟರ್ ಕುಳಿತವರ ಕಿವಿಯ ಮಟ್ಟಕ್ಕೆ ಬರಲಿ. ಎರಡು ಸ್ಪೀಕರ್ ನಡುವೆ ಎಷ್ಟು ದೂರವೋ ಹೆಚ್ಚುಕಮ್ಮಿ ಅಷ್ಟೇ ದೂರದಲ್ಲಿ ನೀವು ಕೂರಬೇಕು. ಹಿಂದೆ ತೂತಿರುವ ಸ್ಪೀಕರ್ ಆದರೆ ಗೋಡೆಯಿಂದ ಒಂದು ಅಡಿ ಮುಂದಿಡಿ.

ಸಬ್‌ವೂಫರ್ ಜಾಗಕ್ಕೆ ಮಾತ್ರ ತಾಳ್ಮೆ ಬೇಕು. 12 ಅಡಿ ಎಂದರೆ 3.66 ಮೀಟರ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಹಾಲ್ ಉದ್ದದ ಎರಡರಷ್ಟರಿಂದ ಭಾಗಿಸಿದರೆ 47 ಹರ್ಟ್ಸ್. 10 ಅಡಿಯ ಕಡೆಗೆ 56. ಈ ಎರಡು ಸ್ವರಗಳು ಆ ಹಾಲ್‌ನಲ್ಲಿ ಗೋಡೆ ಹತ್ತಿರ ಉಬ್ಬುತ್ತವೆ, ನಟ್ಟನಡುವೆ ಮಾಯವಾಗುತ್ತವೆ. ಒಂದೇ ಸಬ್‌ವೂಫರ್ ಒಂದು ಮನೆಯಲ್ಲಿ ದಢದಢ ಅಂದು ಇನ್ನೊಂದರಲ್ಲಿ ಸಪ್ಪೆ ಅನಿಸುವುದು ಇದಕ್ಕೇ. ಲೆಕ್ಕ ಬಿಟ್ಟು ಒಂದು ಉಪಾಯ ಮಾಡಿ. ಸಬ್‌ವೂಫರನ್ನು ಎತ್ತಿ ನೀವು ಕೂರುವ ಸೋಫಾ ಮೇಲೆಯೇ ಇಡಿ. ಬೇಸ್ ಓಡುತ್ತಲೇ ಇರುವ ಹಾಡು ಹಾಕಿ. ಈಗ ಗೋಡೆಗುಂಟ ಮಂಡಿಯೂರಿ, ಕಿವಿ ನೆಲದ ಹತ್ತಿರ ಇಟ್ಟುಕೊಂಡು ನಿಧಾನವಾಗಿ ಸುತ್ತು ಬನ್ನಿ. ಎಲ್ಲಿ ಒಂದೊಂದು ಸ್ವರವೂ ಸಮನಾಗಿ, ಬಿಡಿಬಿಡಿಯಾಗಿ ಕೇಳುತ್ತದೋ ಅದೇ ಅದರ ಜಾಗ. ಮೂಲೆಯಲ್ಲಿ ಜೋರಾಗಿ ಕೇಳುತ್ತದೆ, ಆದರೆ ಎಲ್ಲವೂ ಒಂದೇ ಸ್ವರ. ಅಕ್ಕನ ಮನೆಯಲ್ಲಿ ಸಿಕ್ಕ ಜಾಗ ಟಿವಿ ಪಕ್ಕ, ಮೂಲೆಯಿಂದ ಮೂರು ಅಡಿ ಈಚೆಗೆ.

ಕೊಳ್ಳುವಾಗ ಒಳಗೇ ಆಂಪ್ ಇರುವ ಆಕ್ಟಿವ್ ಸಬ್‌ವೂಫರ್ ನೋಡಿ, 8 ಇಂಚು ಸಾಕು. ಹಿಂದೆ ವಾಲ್ಯೂಮ್, ಕ್ರಾಸ್‌ಓವರ್ (ಎಷ್ಟು ಹರ್ಟ್ಸ್‌ವರೆಗಿನ ಸ್ವರ ಸಬ್‌ಗೆ ಹೋಗಬೇಕು ಅನ್ನುವ ಗುಂಡಿ), ಫೇಸ್ (ಕೋನ್ ಸ್ಪೀಕರ್‌ಗಳ ಜೊತೆಗೇ ಮುಂದೆ ಹಿಂದೆ ಹೋಗುವಂತೆ ಹೊಂದಿಸುವ ಗುಂಡಿ), ಈ ಮೂರು ಇರಲಿ. ಟಿವಿಯ ಸಿಗ್ನಲನ್ನು ವೈ ಕೇಬಲ್‌ನಲ್ಲಿ ಎರಡು ಮಾಡಿ, ಒಂದು ಆಂಪ್‌ಗೆ, ಒಂದು ಸಬ್‌ಗೆ. ವಾಲ್ಯೂಮ್ ಟಿವಿ ರಿಮೋಟ್‌ನಲ್ಲೇ ಏರಿಳಿಸಬೇಕು, ಆಗ ಎರಡೂ ಒಟ್ಟಿಗೆ ಏರುತ್ತವೆ. ಆಪ್ಟಿಕಲ್ ಔಟ್ ಬಳಸುವವರು ಗಮನಿಸಿ, ಅದರಲ್ಲಿ ಎಷ್ಟೋ ಟಿವಿಗಳ ರಿಮೋಟ್ ವಾಲ್ಯೂಮ್ ಕೆಲಸ ಮಾಡುವುದಿಲ್ಲ. ಅಂಥ ಕಡೆ ವಾಲ್ಯೂಮ್ ಗುಂಡಿ ಇರುವ ಕನ್ವರ್ಟರ್ ತನ್ನಿ.

ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಇಟ್ಟು, ಸಬ್ ವಾಲ್ಯೂಮ್ ಸೊನ್ನೆಯಿಂದ ಶುರು ಮಾಡಿ. ಗಂಡಸು ವಾರ್ತೆ ಓದುವುದನ್ನು ಹಾಕಿ. ಅವರ ದನಿ ಸಬ್ ಇರುವ ಕಡೆಯಿಂದ ಗುಂಗುಟ್ಟಿದರೆ ಕ್ರಾಸ್‌ಓವರ್ ಜಾಸ್ತಿಯಾಗಿದೆ, ಇಳಿಸಿ. ಆಮೇಲೆ ಮೃದಂಗ. ಎಡಗೈಯ ಗುಮ್ಕಿ ಮೃದಂಗದಿಂದಲೇ ಬಂದಂತೆ ಇರಬೇಕು, ಇನ್ನೊಂದು ಮೂಲೆಯಲ್ಲಿ ಬೇರೆ ಯಾರೋ ನುಡಿಸಿದಂತಲ್ಲ. ಫೇಸ್ ಗುಂಡಿಯನ್ನು 0 ಮತ್ತು 180 ಎರಡರಲ್ಲೂ ಇಟ್ಟು ಕೇಳಿ, ಕುಳಿತಲ್ಲಿ ಬೇಸ್ ತುಂಬಿಕೊಂಡು ಕೇಳುವುದನ್ನೇ ಇಟ್ಟುಕೊಳ್ಳಿ. ಅಪಾರ್ಟ್‌ಮೆಂಟ್‌ನಲ್ಲಿದ್ದರೆ ಅಡಿಯಲ್ಲಿ ದಪ್ಪ ರಬ್ಬರ್ ಮ್ಯಾಟ್ ಹಾಕಿ, ರಾತ್ರಿ ಹತ್ತರ ಮೇಲೆ ಸಬ್ ಮಾತ್ರ ಆಫ್ ಮಾಡಿ. ಕೆಳಗಿನ ಮನೆಯವರಿಗೆ ತಲುಪುವುದು ಮುಖ್ಯವಾಗಿ ಅದೇ.

ಎಲ್ಲ ಕಟ್ಟಿದ ಮೇಲೆ ಕೆಲವು ಮನೆಗಳಲ್ಲಿ ‘ಗುಂಯ್’ ಅಂತ ಸಣ್ಣ ಸದ್ದು ಉಳಿಯುತ್ತದೆ. ಆಂಪ್‌ನಿಂದ ಸಿಗ್ನಲ್ ಕೇಬಲ್ ಎಳೆದು ನೋಡಿ. ಸದ್ದು ನಿಂತರೆ ಆಂಪ್ ಸರಿಯಿದೆ. ಕೇಬಲ್ ಮತ್ತೆ ಹಾಕಿ, ಸೆಟ್‌ಟಾಪ್ ಬಾಕ್ಸ್‌ಗೆ ಬರುವ ಕೇಬಲ್ ಟಿವಿ ವೈರ್ ಬಿಚ್ಚಿ. ಈಗ ನಿಂತಿತೇ? ಹಾಗಾದರೆ ಅದು ಗ್ರೌಂಡ್ ಲೂಪ್, ಅಂದರೆ ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಅರ್ತ್ ಸಿಕ್ಕಿ ಕೇಬಲ್‌ಗಳ ನಡುವೆ ಸುತ್ತುವ ಕರೆಂಟ್. ಸಿಗ್ನಲ್ ಕೇಬಲ್ ನಡುವೆ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಅದನ್ನು ಹಾಕಿ. ಲ್ಯಾಪ್‌ಟಾಪ್‌ನಿಂದ ಹಾಡು ಕೇಳುವಾಗ, ಚಾರ್ಜರ್ ಹಾಕಿದ್ದಾಗ ಮಾತ್ರ ಸದ್ದು ಬಂದರೂ ಮದ್ದು ಅದೇ. ಸದ್ದು ನಿಲ್ಲಿಸಲು ಮೂರು ಪಿನ್‌ನ ಅರ್ತ್ ಪಿನ್ ಮುರಿಯುವವರನ್ನು ನೋಡಿದ್ದೇನೆ. ದಯವಿಟ್ಟು ಅದನ್ನು ಮಾಡಬೇಡಿ. ಸಬ್‌ವೂಫರ್ ಒಳಗೆ ಏನಾದರೂ ಸಡಿಲವಾಗಿ ಲೋಹದ ಫಲಕಕ್ಕೆ ತಾಗಿದರೆ, ಮುಟ್ಟಿದವರ ಪ್ರಾಣ ಉಳಿಸುವುದು ಆ ಪಿನ್ನೇ.