ತಟ್ಟೆಗೆ ಬಂದ ಮೇಲೆ ಹಿಂಡಿದ ಲಿಂಬೆ: ನನ್ನ ಅನುಭವ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. ನಮ್ಮ ಸುತ್ತಮುತ್ತ ಲಿಂಬೆ ತೋಟಗಳೇ. ಇಲ್ಲಿನ ಕಾಗ್ಜಿ ಲಿಂಬೆಗೆ ಭೌಗೋಳಿಕ ಸೂಚಿ (ಜಿಐ) ಮಾನ್ಯತೆಯೂ ಇದೆ, ಅಂದರೆ ಈ ಸೀಮೆಯ ವಿಶೇಷ ಬೆಳೆ ಎಂಬ ಅಧಿಕೃತ ಗುರುತು. ಹೀಗಿದ್ದೂ ಮಾತೃಪೂರ್ಣ, ಅಂದರೆ ಅಂಗನವಾಡಿಯಲ್ಲಿ ಸರ್ಕಾರ ಕೊಡುವ ಬಿಸಿಯೂಟಕ್ಕೆ ಬರುವ ಬಸುರಿಯರಲ್ಲಿ ಹಲವರ ಹಿಮೋಗ್ಲೋಬಿನ್ 11 ಗ್ರಾಂಗಿಂತ (ಪ್ರತಿ ಡೆಸಿಲೀಟರ್ ರಕ್ತಕ್ಕೆ) ಕಡಿಮೆ, ಅಂದರೆ ರಕ್ತಹೀನತೆ. ಅದಕ್ಕೇ ಅವರ ತಟ್ಟೆಗೆ ಲಿಂಬೆ ತಂದೆ.

ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶ ಮಾಂಸದಲ್ಲಿರುವಷ್ಟು ಸಲೀಸಾಗಿ ಮೈಗೆ ಹತ್ತುವುದಿಲ್ಲ. ಅದರ ಜೊತೆಗೇ ಸಿ ಜೀವಸತ್ವವೂ ಹೊಟ್ಟೆ ಸೇರಿದರೆ ಕರುಳು ಹೆಚ್ಚು ಹೀರಿಕೊಳ್ಳುತ್ತದೆ. 100 ಗ್ರಾಂ ಲಿಂಬೆಯಲ್ಲಿ ಅದು ಇರುವುದು ಸುಮಾರು 30 ಮಿಲಿಗ್ರಾಂ. ಪೇರಲ, ನೆಲ್ಲಿಕಾಯಿಯಲ್ಲಿ ಎಷ್ಟೋ ಹೆಚ್ಚಿದೆ, ನಿಜ. ಆದರೆ ದಿನಾ ಕೈಗೆ ಸಿಗುವುದು, ಯಾವ ಪಲ್ಯಕ್ಕೂ ಒಗ್ಗುವುದು ಲಿಂಬೆಯೇ.

ಕುದಿಯುವ ಸಾರಿಗೆ ಹಿಂಡಿದರೆ ಹುಳಿ ಉಳಿಯುತ್ತದೆ, ಜೀವಸತ್ವ ನಷ್ಟವಾಗುತ್ತದೆ. ಹಾಗಾಗಿ ನಮ್ಮಲ್ಲಿ ಬಡಿಸಿದ ಮೇಲೇ ಹಣ್ಣು ಕೊಯ್ಯುವುದು. ತೆಳು ಸಿಪ್ಪೆಯ, ಹಳದಿಗೆ ತಿರುಗಿದ ಹಣ್ಣನ್ನು ಅಂಗೈಯಡಿ ಒತ್ತಿ ಹೊರಳಿಸಿ, ಅಡ್ಡಕ್ಕೆ ಕೊಯ್ದು ಒಬ್ಬೊಬ್ಬರಿಗೆ ಅರ್ಧ ಹೋಳು. ರಾಜಗಿರಿ ಪಲ್ಯದ ಮೇಲೆ, ಮೊಳಕೆ ಹೆಸರುಕಾಳಿನ ಕೋಸಂಬರಿಯ ಮೇಲೆ ಅವರೇ ಹಿಂಡಿಕೊಳ್ಳುತ್ತಾರೆ. ಬಸುರಿಯ ನಾಲಿಗೆಗೆ ಹುಳಿ ಬೇಕೇ ಬೇಕು, ಒತ್ತಾಯ ಮಾಡುವ ಪ್ರಮೇಯವೇ ಇಲ್ಲ.

ಕಷ್ಟವಾದದ್ದು ಚಹಾ ಬಿಡಿಸುವುದು. "ಉಂಡ ಮ್ಯಾಲ ಚಾ ಕುಡೀಲಿಲ್ಲಂದ್ರ ತಲಿ ನೋಯ್ತದ್ರಿ ಅಕ್ಕಾರ" ಎನ್ನುವವರೇ ಎಲ್ಲ. ಚಹಾದ ಒಗರು ಕಬ್ಬಿಣಾಂಶವನ್ನು ತಡೆಯುತ್ತದೆ, ಲಿಂಬೆ ಹಿಂಡಿದ್ದರ ಲಾಭ ಅಲ್ಲಿಗೆ ಕರಗುತ್ತದೆ. ಬಿಡಿ ಎಂದರೆ ಯಾರೂ ಕೇಳಲಿಲ್ಲ. ಊಟವಾಗಿ ಒಂದು ತಾಸು ಕಳೆದ ಮೇಲೆ ಕುಡಿಯಿರಿ ಎಂದೆ, ಅದಕ್ಕೆ ಒಪ್ಪಿದರು.

ಸರ್ಕಾರ ಕೊಡುವ 60 ಮಿಲಿಗ್ರಾಂ ಕಬ್ಬಿಣದ ಮಾತ್ರೆಯನ್ನೂ ಹಾಲಿನ ಜೊತೆ ಬೇಡ, ಲಿಂಬೆ ನೀರಿನ ಜೊತೆ ತಗೊಳ್ಳಿ ಎನ್ನುತ್ತೇನೆ. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ. ಲಿಂಬೆ ತಿನ್ನುತ್ತೇನೆಂದು ಮಾತ್ರೆ ಬಿಡಲು ನಾನಂತೂ ಬಿಡುವುದಿಲ್ಲ. ರಕ್ತಹೀನತೆ ಬರೀ ಹಣ್ಣಿನಿಂದ ಹೋಗುವಂಥದ್ದಲ್ಲ.

ಉಪ್ಪಿನಕಾಯಿಯೂ ಲಿಂಬೆಯೇ ಅಲ್ಲವೇ ಎಂದು ಕೇಳುತ್ತಾರೆ. ಅದರಲ್ಲಿ ಉಪ್ಪು ವಿಪರೀತ. ಬಿಪಿ ಇರುವವರಿಗೆ ತಾಜಾ ಹೋಳೇ ಸರಿ. ಎದೆ ಉರಿ ಇದ್ದವರು ಖಾಲಿ ಹೊಟ್ಟೆಯಲ್ಲಿ ಲಿಂಬೆ ನೀರು ಕುಡಿಯದೆ, ಊಟದಲ್ಲೇ ನಾಲ್ಕು ಹನಿ ಹಿಂಡಿಕೊಂಡರೆ ಸಾಕು.