ನಿರಂತರವೋ, ಆಗಾಗವೋ, ನಿಯತವೋ: ಸರಿಯಾದ ಪದ ಆಯುವುದು ಹೇಗೆ?

ವರದಿ, ದೂರು, ಸೂಚನಾಪತ್ರಗಳನ್ನು ಬರೆಯುವವರು ‘ನಿರಂತರ’, ‘ಸತತ’, ‘ಪದೇ ಪದೇ’, ‘ನಿಯಮಿತವಾಗಿ’ ಎಂಬ ಮಾತುಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟುಬಿಡುವುದುಂಟು. ಆಡುಮಾತಿನಲ್ಲಿ ಇದು ನಡೆದುಹೋಗುತ್ತದೆ, ಬರಹದಲ್ಲಿ ಅರ್ಥವೇ ಪಲ್ಲಟವಾಗುತ್ತದೆ. ‘ದಿನವಿಡೀ ನೀರು ಬರುತ್ತದೆ’ ಎಂಬುದಕ್ಕೂ ‘ದಿನವೂ ನೀರು ಬರುತ್ತದೆ’ ಎಂಬುದಕ್ಕೂ ಇರುವ ಅಂತರ ನಲ್ಲಿಯ ಮುಂದೆ ಕೊಡ ಹಿಡಿದು ನಿಂತವರಿಗೆ ಚೆನ್ನಾಗಿ ಗೊತ್ತು.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಕ್ರಿಯೆಯ ನಡುವೆ ಬಿಡುವು ಇದೆಯೇ ಎಂಬುದು. ಬಿಡುವೇ ಇಲ್ಲವಾದರೆ ‘ನಿರಂತರ’, ‘ಅವಿರತ’, ‘ಎಡೆಬಿಡದೆ’, ‘ಒಂದೇ ಸಮನೆ’ ಎನ್ನಬಹುದು. ಹಗಲಿರುಳೂ ನಡೆಯುವುದಾದರೆ ‘ಅಹೋರಾತ್ರಿ’ ಎಂಬುದು ಇನ್ನೂ ಖಚಿತ. ‘ಸತತ’ ಮಾತ್ರ ತುಸು ಬೇರೆ ಜಾತಿಯ ಪದ. ತಂಡವೊಂದು ‘ಸತತ ಐದನೇ ಗೆಲುವು’ ಸಾಧಿಸಿತು ಎಂದಾಗ ಪಂದ್ಯಗಳ ನಡುವೆ ವಾರಗಟ್ಟಲೆ ಬಿಡುವಿದ್ದರೂ ತಪ್ಪಿಲ್ಲ, ಏಕೆಂದರೆ ಅಲ್ಲಿ ಮುರಿಯದೆ ಉಳಿದದ್ದು ಗೆಲುವುಗಳ ಸರಣಿಯೇ ಹೊರತು ಕಾಲವಲ್ಲ. ‘ದಿನೇ ದಿನೇ’ ಎಂಬುದನ್ನು ‘ದಿನವೂ’ ಎಂಬರ್ಥದಲ್ಲಿ ಬಳಸದಿರುವುದು ಒಳ್ಳೆಯದು. ಅದರಲ್ಲಿ ಏರಿಕೆ ಅಥವಾ ಇಳಿಕೆಯ ಸೂಚನೆ ಇದ್ದೇ ಇರುತ್ತದೆ. ಕೆರೆಯ ನೀರು ದಿನೇ ದಿನೇ ಇಳಿಯುತ್ತದೆ, ಆದರೆ ಅಂಚೆಯವನು ದಿನವೂ ಬರುತ್ತಾನೆ.

ಬಿಡುವು ಇದೆಯೆಂದಾದರೆ, ಅದು ಸಮನಾಗಿದೆಯೇ ಎಂದು ನೋಡಬೇಕು. ಸಮನಾಗಿಲ್ಲದಿದ್ದರೆ ‘ಆಗಾಗ’, ‘ಬಿಟ್ಟು ಬಿಟ್ಟು’, ಇನ್ನೂ ವಿರಳವಾದರೆ ‘ಆಗೊಮ್ಮೆ ಈಗೊಮ್ಮೆ’ ಎಂಬ ಪದಗಳಿವೆ. ‘ಪದೇ ಪದೇ’ ಎಂಬುದರಲ್ಲಿ ಬೇಸರದ ದನಿ ಸೇರಿಕೊಂಡಿರುವುದರಿಂದ ಅದು ದೂರಿಗೆ ಹೊಂದುತ್ತದೆ, ಅಭಿನಂದನೆಗೆ ಹೊಂದುವುದಿಲ್ಲ. ಬಿಡುವು ಸಮನಾಗಿದ್ದರೆ ‘ನಿಯತವಾಗಿ’ ಅಥವಾ ‘ನಿಯಮಿತವಾಗಿ’ ಎನ್ನಬಹುದು. ಎರಡನೆಯದಕ್ಕೆ ಕಂಪನಿ, ಸಹಕಾರ ಸಂಘಗಳ ಹೆಸರಿನ ಕೊನೆಯಲ್ಲಿ ‘ಮಿತಿಗೊಳಪಟ್ಟ’ ಎಂಬ ಅರ್ಥವೂ ಅಂಟಿಕೊಂಡಿರುವುದರಿಂದ ಮೊದಲನೆಯದೇ ನನಗೆ ಹೆಚ್ಚು ಇಷ್ಟ. ವಿಜ್ಞಾನ ಬರಹದಲ್ಲಿ ‘ಆವರ್ತಕ’ ಎಂಬ ಪದ ಬಳಕೆಯಲ್ಲಿದೆ. ಅಲ್ಲಿಯೂ ಅವಧಿ ಯಾವಾಗಲೂ ಕರಾರುವಾಕ್ಕಾಗಿರುವುದಿಲ್ಲ. 1910ರಲ್ಲಿ ಮತ್ತು 1986ರಲ್ಲಿ ಸೂರ್ಯನ ಸಮೀಪಕ್ಕೆ ಬಂದುಹೋದ ಹ್ಯಾಲಿ ಧೂಮಕೇತು ಮತ್ತೆ ಬರುವುದು 2061ರಲ್ಲಿ, ಅಂದರೆ ಒಮ್ಮೆ 76 ವರ್ಷ, ಇನ್ನೊಮ್ಮೆ 75 ವರ್ಷ. ಇಂಥ ಕಡೆ ‘ಸುಮಾರು’ ಎಂಬ ಪದವನ್ನು ಬಿಡಬಾರದು.

ಅತಿ ಹೆಚ್ಚು ಎಡವಟ್ಟಾಗುವುದು ಮುಂದಿನ ಹಂತದಲ್ಲಿ. ಎಷ್ಟು ಸಲ ಎಂದು ಹೇಳುತ್ತಿದ್ದೇವೆಯೋ, ಎಷ್ಟು ಹೊತ್ತಿಗೊಮ್ಮೆ ಎಂದು ಹೇಳುತ್ತಿದ್ದೇವೆಯೋ ಎಂಬುದನ್ನು ಇಲ್ಲಿ ತೀರ್ಮಾನಿಸಬೇಕು. ‘ದಿನಕ್ಕೆ ಮೂರು ಸಲ’ ಎಂದು ಬರೆದ ಮಾತ್ರೆಯನ್ನು ಊಟದ ಜೊತೆಗೆ ನುಂಗಿ ರಾತ್ರಿ ನಿಶ್ಚಿಂತೆಯಿಂದ ಮಲಗಬಹುದು, ‘ಎಂಟು ಗಂಟೆಗೊಮ್ಮೆ’ ಎಂದಿದ್ದರೆ ಅಲಾರಂ ಇಟ್ಟುಕೊಳ್ಳಬೇಕಾದೀತು. ಲೆಕ್ಕ ಎರಡರಲ್ಲೂ ಮೂರೇ. ಪತ್ರಿಕೆಗಳ ವಿಷಯದಲ್ಲಿಯೂ ಹೀಗೆಯೇ: ತಿಂಗಳಿಗೆರಡು ಸಲ ಹೊರಬಂದರೆ ವರ್ಷಕ್ಕೆ 24 ಸಂಚಿಕೆ, ಎರಡು ವಾರಕ್ಕೊಮ್ಮೆಯಾದರೆ 26. ‘ಪಾಕ್ಷಿಕ’ ಎಂದಷ್ಟೇ ಬರೆದರೆ ಚಂದಾದಾರನಿಗೆ ಈ ಭೇದ ತಿಳಿಯುವುದಿಲ್ಲ. ‘ಅರ್ಧವಾರ್ಷಿಕ’ ವರ್ಷಕ್ಕೆರಡು ಬಾರಿ, ‘ದ್ವೈವಾರ್ಷಿಕ’ ಎರಡು ವರ್ಷಕ್ಕೊಮ್ಮೆ. ‘ದಿನ ಬಿಟ್ಟು ದಿನ’ ಎಂಬುದರಲ್ಲಿ ಗೊಂದಲವಿಲ್ಲ. ‘ಎರಡು ದಿನ ಬಿಟ್ಟು’ ಎಂದರೆ ಕೆಲವರು ಮೂರನೆಯ ದಿನ ಬರುತ್ತಾರೆ, ಕೆಲವರು ಮರುದಿನವನ್ನು ಲೆಕ್ಕಕ್ಕೆ ಸೇರಿಸದೆ ನಾಲ್ಕನೆಯ ದಿನ ಬರುತ್ತಾರೆ. ವಾರದ ಹೆಸರನ್ನೇ ಬರೆದುಬಿಡುವುದು ಕ್ಷೇಮ. ‘ಪ್ರತಿ ವಾರಕ್ಕೊಮ್ಮೆ’ ಎಂಬಲ್ಲಿ ಒಂದೇ ಕೆಲಸಕ್ಕೆ ಇಬ್ಬರಿದ್ದಾರೆ, ‘ಪ್ರತಿ ವಾರ’ ಅಥವಾ ‘ವಾರಕ್ಕೊಮ್ಮೆ’ ಸಾಕು.

ಇಷ್ಟಾದ ಮೇಲೆ ಕ್ರಿಯಾಪದವನ್ನು ಸರಿಹೊಂದಿಸಬೇಕು, ಏಕೆಂದರೆ ಕನ್ನಡದಲ್ಲಿ ಅರ್ಧ ಕೆಲಸವನ್ನು ಅದೇ ಮಾಡುತ್ತದೆ. ನಲ್ಲಿ ‘ತೊಟ್ಟಿಕ್ಕುತ್ತಿದೆ’ ಎಂದರೆ ಈ ಗಳಿಗೆಯ ಸಂಗತಿ. ‘ತೊಟ್ಟಿಕ್ಕುತ್ತಿರುತ್ತದೆ’ ಎಂದರೆ ಅದರ ರೂಢಿ. ‘ತೊಟ್ಟಿಕ್ಕುತ್ತಲೇ ಇದೆ’ ಎಂದರೆ ನಿಲ್ಲಬೇಕಿತ್ತು, ನಿಂತಿಲ್ಲ ಎಂಬ ಅಸಮಾಧಾನ. ‘ತೊಟ್ಟಿಕ್ಕುತ್ತಾ ಬಂದಿದೆ’ ಎಂದು ಬರೆಯುವುದಾದರೆ ಯಾವಾಗಿನಿಂದ ಎಂಬುದನ್ನೂ ಅದೇ ವಾಕ್ಯದಲ್ಲಿ ಹೇಳಬೇಕು. ಇಲ್ಲವಾದರೆ ದೂರನ್ನು ಓದುವವರು ಮೊದಲು ಕೇಳುವುದು ಅದನ್ನೇ.